ಅದು ಭಯವಲ್ಲ, ಔಷಧದ ನಂಜು

“ಪೂರ್ತಿ ಎಚ್ಚರ ತಪ್ಪಿಸಲ್ಲ, ಆ ಜಾಗಕ್ಕಷ್ಟೇ ಇಂಜೆಕ್ಷನ್, ಏನಾಗುತ್ತೆ ಬಿಡಿ” ಎಂದುಕೊಂಡೇ ಜನ ಹೊಲಿಗೆಗೋ ಗಂಟು ತೆಗೆಸುವುದಕ್ಕೋ ಬರುತ್ತಾರೆ. ಬಹುಪಾಲು ಏನೂ ಆಗುವುದಿಲ್ಲ, ನಿಜ. ಆದರೆ ಮರಗಟ್ಟಿಸುವ ಔಷಧ ಲಿಗ್ನೋಕೇನ್ ಚುಚ್ಚಿದಲ್ಲೇ ಕೂರದೆ ಮೆಲ್ಲಗೆ ರಕ್ತಕ್ಕೆ ಸೇರುತ್ತದೆ. ಡೋಸ್ ಮೀರಿದರೆ, ಇಲ್ಲವೇ ಸೂಜಿಯ ಮೊನೆ ರಕ್ತನಾಳದೊಳಗೇ ಇದ್ದರೆ, ಮಿದುಳು ಮತ್ತು ಹೃದಯಕ್ಕೆ ಏಟು ಬೀಳುತ್ತದೆ.

ಅತಿ ಅಪಾಯದ ತಪ್ಪು ಕಲ್ಪನೆ ರೋಗಿಯದಲ್ಲ, ಪಕ್ಕದಲ್ಲಿ ನಿಂತವರದು: “ಭಯಕ್ಕೆ ಹಾಗಾಗುತ್ತೆ.” ಇಂಜೆಕ್ಷನ್ ಕೊಟ್ಟದ್ದು ಕೈಗೆ, ರೋಗಿ ಹೇಳುತ್ತಿರುವುದು ತುಟಿಯ ಸುತ್ತ ಜೋಮು ಹಿಡಿದಿದೆ ಎಂದು. ಅಲ್ಲೇ ಕಿವಿ ನೆಟ್ಟಗಾಗಬೇಕು. ಹಲ್ಲಿನ ಚಿಕಿತ್ಸೆಯಲ್ಲಿ ತುಟಿ ಮರಗಟ್ಟುವುದು ಸಹಜವಾದ್ದರಿಂದ ಬೇರೆ ಸುಳಿವು ನೋಡಬೇಕು: ನಾಣ್ಯ ಚೀಪಿದಂಥ ರುಚಿ, ಕಿವಿಯಲ್ಲಿ ಗುಂಯ್ ಶಬ್ದ, ತಲೆಸುತ್ತು, ಮಂಜಾಗುವ ಕಣ್ಣು, ತೊದಲುವ ಮಾತು, ಇದ್ದಕ್ಕಿದ್ದಂತೆ ತಳಮಳ. ಆಮೇಲೆ ಸ್ನಾಯುಗಳು ಅದುರಿ ಫಿಟ್ಸ್ ಬರಬಹುದು. ಇದೇ ಗುಂಪಿನ ಬ್ಯುಪಿವಕೇನ್ ಈ ಕ್ರಮಕ್ಕೆ ಕಾಯಲೇಬೇಕೆಂದಿಲ್ಲ, ನೇರ ಹೃದಯಕ್ಕೇ ಕೈ ಹಾಕಬಹುದು. ಮಂಪರಿನ ಔಷಧ ಕೊಟ್ಟಿದ್ದರೆ ಈ ಸುಳಿವುಗಳನ್ನು ಹೇಳಲು ರೋಗಿಗೇ ಆಗುವುದಿಲ್ಲ.

“ಟೆಸ್ಟ್ ಡೋಸ್ ಮಾಡಿದ್ದಾರಲ್ಲ?” ಚರ್ಮದ ಆ ಪರೀಕ್ಷೆ ಹುಡುಕುವುದು ಅಲರ್ಜಿಯನ್ನು, ಅದೂ ಈ ಔಷಧಗಳಿಗೆ ಬಲು ಅಪರೂಪ. ನಂಜಾಗುವುದು ಪ್ರಮಾಣದಿಂದ. ಲೆಕ್ಕ ಸುಲಭ: ಅಡ್ರಿನಲಿನ್ ಬೆರೆಸದ ಲಿಗ್ನೋಕೇನ್‌ಗೆ ಕಿಲೋಗೆ 4.5 ಮಿ.ಗ್ರಾಂ ಮಿತಿ. 50 ಕಿಲೋ ತೂಕದವರಿಗೆ 225 ಮಿ.ಗ್ರಾಂ, ಅಂದರೆ 2% ದ್ರಾವಣದಲ್ಲಿ ಸುಮಾರು 11 ಮಿ.ಲೀ. ಲಿವರ್ ಅಥವಾ ಹೃದಯ ಸೋತವರಿಗೆ ಇನ್ನೂ ಕಡಿಮೆ.

ಕ್ರೀಮ್ ಆದರೆ ನಿರಪಾಯ ಎಂಬುದೂ ಸುಳ್ಳು. ಲೇಸರ್‌ನಿಂದ ಕೂದಲು ತೆಗೆಸಲು ಕಾಲಿಗೆಲ್ಲ ಮರಗಟ್ಟಿಸುವ ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡಿದ್ದ ಇಬ್ಬರು ಯುವತಿಯರು ಸತ್ತ ಬಳಿಕ, 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು.

ಇಂಜೆಕ್ಷನ್ ಆಗಿ ಐದು ನಿಮಿಷ ಕಳೆದರೆ ಗೆದ್ದಂತೆಯೂ ಅಲ್ಲ. ರಕ್ತನಾಳಕ್ಕೇ ಹೋದ ಔಷಧ ನಿಮಿಷದೊಳಗೆ ತೋರಿಸಿಕೊಳ್ಳುತ್ತದೆ. ಹೀರಿಕೊಂಡದ್ದು ಅರ್ಧ ಗಂಟೆಯ ನಂತರವೂ.

ಈ ನಂಜಿಗೆ ಮದ್ದೇ ಇಲ್ಲ ಎಂಬ ಮಾತು ಹಳೆಯದಾಯಿತು. ಇಂಜೆಕ್ಷನ್ ನಿಲ್ಲಿಸಿ, ಆಮ್ಲಜನಕ ಕೊಟ್ಟು, ಫಿಟ್ಸ್ ತಡೆಯುವುದರ ಜೊತೆಗೆ 20% ಲಿಪಿಡ್ ಎಮಲ್ಷನ್ ರಕ್ತನಾಳಕ್ಕೆ ಏರಿಸುತ್ತಾರೆ. ಊಟ ಮಾಡಲಾಗದ ರೋಗಿಗಳಿಗೆ ಪೋಷಣೆಗಾಗಿ ಕೊಡುವ, ಹಾಲಿನ ಬಣ್ಣದ ಅದೇ ದ್ರಾವಣ. 1998ರಲ್ಲಿ ಅರಿವಳಿಕೆ ತಜ್ಞ ಗೈ ವೈನ್‌ಬರ್ಗ್ ಅವರ ತಂಡ ಇಲಿಗಳಲ್ಲಿ ಇದರ ಗುಣ ತೋರಿಸಿತು. 2006ರಲ್ಲಿ, ಹೃದಯ ನಿಂತಿದ್ದ ರೋಗಿಯೊಬ್ಬರು ಇದರಿಂದ ಚೇತರಿಸಿಕೊಂಡ ವರದಿ ಬಂತು.