ಗಾಂಧಾರಿಯ ದನಿ, ಗಂಗೂಬಾಯಿಯ ದನಿ

ಹುಬ್ಬಳ್ಳಿ–ಧಾರವಾಡದಲ್ಲಿ ಬೆಳೆದವರಿಗೆ ಗಂಗೂಬಾಯಿ ಹಾನಗಲ್ ಎಂಬ ಹೆಸರು ಹೊಸದಲ್ಲ. ಉಣಕಲ್‌ನಲ್ಲಿ ಅವರ ಹೆಸರಿನ ಗುರುಕುಲ ಇದೆ, ಮೈಸೂರಿನಲ್ಲಿ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ, 2014ರಲ್ಲಿ ಅಂಚೆ ಚೀಟಿಯೂ ಬಂತು. ಕೆಎಎಸ್, ಪಿಎಸ್ಐ ಪರೀಕ್ಷೆಗೆ ಓದುವವರಂತೂ 'ಕಿರಾನಾ ಘರಾಣೆ, ಪದ್ಮವಿಭೂಷಣ 2002' ಎಂದು ಬಾಯಿಪಾಠ ಮಾಡಿರುತ್ತಾರೆ. ಆದರೆ ಅವರು ಹಾಡಿದ ಒಂದು ರಾಗವನ್ನಾದರೂ ಕೊನೆತನಕ ಕೇಳಿದ್ದೀರಾ ಅಂತ ನಮ್ಮ ಕ್ಲಾಸಿನಲ್ಲಿ ಕೇಳಿದಾಗ ಎದ್ದದ್ದು ಎರಡು ಕೈ. ಹೆಸರು ಎಲ್ಲರಿಗೂ ಗೊತ್ತು, ದನಿ ಗೊತ್ತಿಲ್ಲ. ಆ ದನಿಯೂ ಒಂದಲ್ಲ, ಎರಡು.

ನಾನು ಅವರನ್ನು ಕೇಳಲು ಶುರು ಮಾಡಿದ್ದು ಶಾಸ್ತ್ರೀಯ ಸಂಗೀತದ ಮೇಲಿನ ಪ್ರೀತಿಯಿಂದೇನೂ ಅಲ್ಲ. ನನ್ನ ದನಿ ದಪ್ಪ. ಸಿಲಿಂಡರ್ ಬುಕ್ ಮಾಡಲು ಫೋನ್ ಮಾಡಿದರೆ ಆ ಕಡೆಯವರು 'ಹೇಳಿ ಸರ್' ಅನ್ನುತ್ತಾರೆ. ಶಾಲೆಯಲ್ಲಿದ್ದಾಗ ಒಮ್ಮೆ ರಾಜ್ಯೋತ್ಸವದ ಹಾಡಿಗೆ ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, 'ನೀ ಬರೇ ಬಾಯಿ ಆಡಸು, ಸಾಕು' ಅಂದಿದ್ದರು. ಅದನ್ನು ಮನೆಗೆ ಬಂದು ಹೇಳಿಕೊಂಡು ಅತ್ತಾಗ ನನ್ನಜ್ಜಿ ಸಮಾಧಾನದ ಮಾತು ಆಡಲಿಲ್ಲ. 'ನಮ್ಮ ಗಂಗೂಬಾಯಿಯವರ ದನಿ ನಿನಗಿಂತ ದಪ್ಪ ಐತಿ. ಅದನ್ನ ಕೇಳು ಹೋಗು' ಅಂದಳು. ಅಜ್ಜಿಯ ಮಾತು ಆಗ ತಲೆಗೆ ಹೋಗಲಿಲ್ಲ. ಬಿಇ ಮೊದಲ ವರ್ಷದಲ್ಲಿ, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದೆ ಯೂಟ್ಯೂಬ್‌ನಲ್ಲಿ ಹುಡುಕಿ ಹಚ್ಚಿದೆ. ರೂಮ್‌ಮೇಟ್ ಪುಸ್ತಕದಿಂದ ತಲೆ ಎತ್ತಿ ಕೇಳಿದಳು: 'ಯಾವ ಪಂಡಿತರು ಇವ್ರು?'

ಅದಾಗಿ ಕೆಲವು ವಾರಕ್ಕೆ ಇನ್ನೊಂದು ಧ್ವನಿಮುದ್ರಿಕೆ ಸಿಕ್ಕಿತು. ಹಳೆಯ 78 ವೇಗದ ತಟ್ಟೆ, ಮೂರು ನಿಮಿಷದ್ದು, ಎಣ್ಣೆ ಕಾದಂತೆ ಚಟಪಟ ಸದ್ದು. ಅದರೊಳಗಿನಿಂದ ಒಂದು ಎಳೆಯ ಹೆಣ್ಣುದನಿ, ತೆಳ್ಳಗೆ, ಮೇಲಿನ ಶ್ರುತಿಯಲ್ಲಿ, ಸರಸರ ತಾನುಗಳನ್ನು ಹೊಡೆಯುತ್ತ ಹೋಗುತ್ತದೆ. ಗಾಯಕಿಯ ಹೆಸರು ಗಾಂಧಾರಿ, ಊರು ಹುಬ್ಬಳ್ಳಿ. ಮೂವತ್ತರ ದಶಕದಲ್ಲಿ ಎಚ್‌ಎಂವಿ ಕಂಪನಿ ಗಂಗೂಬಾಯಿಯವರ ಹಾಡುಗಳನ್ನು ಮಾರಿದ್ದು ಈ ಹೆಸರಿನಲ್ಲೇ. ಇವೆರಡೂ ಒಬ್ಬರದೇ ಕಂಠ ಎಂದು ನಂಬಲು ನನಗೆ ಬಹಳ ಹೊತ್ತು ಬೇಕಾಯಿತು.

ಎಂಜಿನಿಯರಿಂಗ್ ಓದುವವರಿಗೆ ಇಂಥ ಕಡೆ ಮೊದಲು ಹುಟ್ಟುವುದು ಅನುಮಾನ. 78ರ ತಟ್ಟೆ ಎಂದು ಹೆಸರಿದ್ದರೂ ಅವೆಲ್ಲ ಕರಾರುವಾಕ್ಕಾಗಿ ನಿಮಿಷಕ್ಕೆ 78 ಸುತ್ತೇ ತಿರುಗುತ್ತಿರಲಿಲ್ಲ. ಶೇ 6ರಷ್ಟು ಜೋರಾಗಿ ತಿರುಗಿಸಿದರೆ ಸಾಕು, ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಹಾಗಾಗಿ ಮೊಬೈಲ್ ಆ್ಯಪ್‌ನಲ್ಲಿ ಎರಡೂ ಮುದ್ರಿಕೆಗಳ ಶ್ರುತಿ ಅಳೆದು 'ಇಷ್ಟು ಹರ್ಟ್ಸ್ ಇಳಿದಿದೆ' ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಆದರೆ ತಟ್ಟೆಯ ವೇಗ ತಪ್ಪಿದ್ದರೆ ತಬಲಾದ ನಾದವೂ ಅಷ್ಟೇ ಕೆಡಬೇಕಿತ್ತು. ತಬಲಾ ತಬಲಾದಂತೆಯೇ ಕೇಳುತ್ತದೆ. ಬದಲಾದದ್ದು ಯಂತ್ರವಲ್ಲ, ಕಂಠ.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದ ಶುಕ್ರವಾರ ಪೇಟೆಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ, ತಂದೆ ಚಿಕ್ಕೂರಾವ್ ನಾಡಿಗೇರ. ಬಾಲ್ಯದಲ್ಲಿ ಬೀದಿಯ ಕಡೆಯಿಂದ ಗ್ರಾಮಫೋನ್ ದನಿ ಬಂದರೆ ಇದ್ದ ಕೆಲಸ ಬಿಟ್ಟು ಹುಡುಗಿ ಹೊರಗೆ ಓಡುತ್ತಿದ್ದಳಂತೆ. ಅವರಿಗೆ ಇಷ್ಟವಾದ ದನಿಗಳಲ್ಲಿ ಆಗ್ರಾದ ಜೊಹ್ರಾಬಾಯಿಯವರದು ಒಂದು. ಜೊಹ್ರಾಬಾಯಿ ತೀರಿಕೊಂಡದ್ದು ಗಂಗೂಬಾಯಿ ಹುಟ್ಟಿದ 1913ರಲ್ಲೇ. ಅವರ ಕಾಲದಲ್ಲಿ ಮೈಕ್ ಇರಲಿಲ್ಲ, ದೊಡ್ಡ ತುತ್ತೂರಿಯಂಥ ಕೊಳವೆಯೊಳಗೆ ಮುಖ ಇಟ್ಟು ಹಾಡಬೇಕಿತ್ತು. ಆ ಕೊಳವೆ ದಾಟಿ ಬಂದ ಜೊಹ್ರಾಬಾಯಿಯವರ ದನಿಯೂ ಗಂಡುದನಿಯಂತೆ ಗಡುಸು. ಇದು ಕಾಕತಾಳೀಯವೇ ಇರಬಹುದು, ಆದರೂ ನನಗೆ ಬಹಳ ಹಿಡಿಸಿದ ಸಂಗತಿ.

ಮಗಳು ಹಿಂದೂಸ್ತಾನಿ ಕಲಿಯಲೆಂದು 1928ರಲ್ಲಿ ಮನೆಯವರೆಲ್ಲ ಹುಬ್ಬಳ್ಳಿಗೆ ಬಂದರು. ಮಗಳ ಕಿವಿಯಲ್ಲಿ ಎರಡು ಪದ್ಧತಿ ಕಲಸಿಹೋಗಬಾರದು ಎಂದು ಅಂಬಾಬಾಯಿ ತಮ್ಮ ಹಾಡುಗಾರಿಕೆಯನ್ನೇ ಬಿಟ್ಟರು ಎನ್ನುತ್ತಾರೆ. ಮೊದಲ ಪಾಠ ಕೃಷ್ಣಾಚಾರ್ಯರಲ್ಲಿ. 1932ರಲ್ಲಿ ತಾಯಿ ತೀರಿಕೊಂಡರು. ಗಾಂಧಾರಿ ಹೆಸರಿನ ತಟ್ಟೆಗಳು ಬಂದದ್ದು ಆ ಸುಮಾರಿನ ವರ್ಷಗಳಲ್ಲಿ. ಹಾಡುವವಳಿಗೆ ಇಪ್ಪತ್ತರ ಆಸುಪಾಸು, ನನ್ನದೇ ವಯಸ್ಸು.

ಆ ತಟ್ಟೆಗಳನ್ನು ಎಳವೆಯ ಕೆಲಸ ಎಂದು ಬದಿಗೆ ಸರಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಸಿಗುತ್ತಿದ್ದದ್ದು ಮೂರೇ ನಿಮಿಷ, ಹೆಚ್ಚೆಂದರೆ ಮೂರೂವರೆ. ಒಂದು ತಾಸು ಹಾಡುವ ರಾಗವನ್ನು ಅಷ್ಟರಲ್ಲಿ ಮುಗಿಸಬೇಕು, ಕೇಳುವವನಿಗೆ ಅದು ಅರ್ಧಕ್ಕೆ ಬಿಟ್ಟಂತೆ ಅನ್ನಿಸಲೂಬಾರದು. ಈಗಿನ ರೀಲ್ಸ್ ಮಾಡುವವರಿಗೆ ಇದರ ಕಷ್ಟ ಗೊತ್ತು. ಗಾಂಧಾರಿ ಅದನ್ನು ಲೀಲಾಜಾಲವಾಗಿ ಮಾಡುತ್ತಾರೆ. ರಾಗದ ಹಾಡುಗಳಷ್ಟೇ ಅಲ್ಲ, ಜಿ.ಎನ್. ಜೋಶಿಯವರ ಜೊತೆ ಮರಾಠಿ ಭಾವಗೀತೆಯನ್ನೂ ಹಾಡಿದ್ದಾರೆ. ಅದೇ ದಾರಿಯಲ್ಲಿ ಮುಂದುವರಿದಿದ್ದರೆ ಅವರು ಮುಂಬೈ ಕಡೆಯ ಜನಪ್ರಿಯ ಗಾಯಕಿ ಆಗುತ್ತಿದ್ದರೇನೋ.

ಮುಂದುವರಿಯಲಿಲ್ಲ. ಮೂವತ್ತರ ದಶಕದ ಕೊನೆಗೆ ಅವರು ಕುಂದಗೋಳದ ರೈಲು ಹಿಡಿದರು. ಅಲ್ಲಿದ್ದವರು ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು, ಅಬ್ದುಲ್ ಕರೀಂ ಖಾನರ ಶಿಷ್ಯರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಸುಮಾರು 20 ಕಿಲೋಮೀಟರ್. ಈಗ ಹುಬ್ಬಳ್ಳಿ ನಿಲ್ದಾಣಕ್ಕೆ ಹೋದರೆ ಎಲ್ಲರೂ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಮೇಲೆ ಸೆಲ್ಫಿ ತೆಗೆಯುತ್ತಾರೆ. ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಪಾಠಕ್ಕೆಂದು ಇಲ್ಲಿಂದ ರೈಲು ಹತ್ತಿ ಸಂಜೆ ಮರಳುತ್ತಿದ್ದ ಹೆಂಗಸಿನ ನೆನಪು ನನಗಂತೂ ಅಲ್ಲಿ ಪ್ರತಿಸಲ ಆಗುತ್ತದೆ. ಬೀದಿಯಲ್ಲಿ ನಡೆದುಹೋಗುವಾಗ 'ಗಾನೇವಾಲಿ ಬಂದಳು' ಎಂದು ಜನ ಹಂಗಿಸುತ್ತಿದ್ದುದನ್ನು ಅವರು ಮುಪ್ಪಿನಲ್ಲೂ ಮರೆತಿರಲಿಲ್ಲ. ಹಾಡುವ ಹೆಂಗಸರ ಮನೆತನ, ಕೆಳಗಿನದೆಂದು ಕರೆಸಿಕೊಂಡ ಜಾತಿ. ಹಂಗಿಸುವುದಕ್ಕೆ ಅಂದಿನವರಿಗೆ ಅಷ್ಟು ಸಾಕಾಗಿತ್ತು.

ಸವಾಯಿ ಗಂಧರ್ವರ ಪಾಠ ಅಂದರೆ ದಿನಕ್ಕೊಂದು ಹೊಸ ಹಾಡಲ್ಲ. ನಾಲ್ಕಾರು ಸ್ವರ ಕೊಟ್ಟು ಅದನ್ನೇ ತಾಸುಗಟ್ಟಲೆ ತೀಡಿಸುವುದು. ಅವರ ಸ್ವಂತ ದನಿಯೂ ಹುಟ್ಟಿನಿಂದ ಸಲೀಸಾದುದಲ್ಲ, ಸಾಧನೆಯಿಂದ ಪಳಗಿಸಿಕೊಂಡದ್ದು ಎಂದು ಬಲ್ಲವರು ಹೇಳುತ್ತಾರೆ. ಅದೇ ಮನೆಯಲ್ಲಿ ಆಗ ಕಲಿಯುತ್ತಿದ್ದ ಇನ್ನೊಬ್ಬರು ಭೀಮಸೇನ ಜೋಶಿ. ಒಬ್ಬರೇ ಗುರು, ಒಂದೇ ಘರಾಣೆ. ಭೀಮಸೇನರಿಗೆ ಭಾರತರತ್ನ ಬಂತು, ಅವರ ಅಭಂಗಗಳು ಇವತ್ತಿಗೂ ಮನೆಮನೆಯಲ್ಲಿ ಕೇಳುತ್ತವೆ. ಗಂಗೂಬಾಯಿಯವರಿಗೆ ಪ್ರಶಸ್ತಿಗಳು ಕಡಿಮೆಯಾಗಲಿಲ್ಲ, ಕಡಿಮೆಯಾದದ್ದು ಕಿವಿಗಳು. ನನ್ನ ಮಟ್ಟಿಗೆ ಇದಕ್ಕೆ ಒಂದು ಕಾರಣ ಅವರೇ ತೆಗೆದುಕೊಂಡ ತೀರ್ಮಾನ. ನಲವತ್ತರ ದಶಕದ ನಡುವಿನ ಹೊತ್ತಿಗೆ ಅವರು ಠುಮ್ರಿ, ಭಜನೆ, ಭಾವಗೀತೆಗಳನ್ನೆಲ್ಲ ಬಿಟ್ಟರು. ಆಮೇಲೆ ಖಯಾಲ್ ಒಂದೇ. ಕಛೇರಿ ಕೊನೆಗೆ ಯಾರಾದರೂ ಹಗುರವಾದದ್ದೇನಾದರೂ ಹಾಡಿ ಅಂದರೆ ಒಪ್ಪುತ್ತಿರಲಿಲ್ಲ. ಮಾರುಕಟ್ಟೆ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಕೆಟ್ಟ ನಿರ್ಧಾರ ಇರಲಿಕ್ಕಿಲ್ಲ.

ಕಂಠ ಬದಲಾದದ್ದೂ ಆ ಕಾಲಘಟ್ಟದಲ್ಲೇ. ಟಾನ್ಸಿಲ್ ತೊಂದರೆಗೆ ಚಿಕಿತ್ಸೆ ಮಾಡಿಸಿಕೊಂಡ ಮೇಲೆ ಮೇಲಿನ ಶ್ರುತಿಯ ಆ ತೆಳುದನಿ ಹೋಯಿತು, ಮರಳಿ ಬರಲೇ ಇಲ್ಲ. ಹಾಡಿನಿಂದಲೇ ಸಂಸಾರ ನಡೆಯಬೇಕಾದ ಮನೆ ಅದು. ಇದ್ದ ಒಂದೇ ಬಂಡವಾಳ ಕಂಠ, ಅದೇ ಬೇರೆಯವರದ್ದಾಗಿಬಿಟ್ಟರೆ? ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನಾಲ್ಕು ವರ್ಷ ಕಲಿತ ಸಾಫ್ಟ್‌ವೇರ್ ಕೆಲಸಕ್ಕೆ ಬಾರದೆ ಹೋಗಿ, ಪ್ಲೇಸ್‌ಮೆಂಟ್ ಮಾತ್ರ ನಾಳೆಯೇ ಇದ್ದಂತೆ. ಹಳೆಯ ದನಿಯನ್ನು ನಟಿಸುತ್ತ, ಮೇಲಿನ ಸ್ವರಕ್ಕೆ ಎಳೆದಾಡುತ್ತ ಹಾಡುವ ದಾರಿ ಒಂದಿತ್ತು. ಅವರು ಶ್ರುತಿಯನ್ನು ಇಳಿಸಿದರು. ಗಂಡಸರು ಹಾಡುವ ಕಡೆಗೆ ಇಳಿದು, ಅಲ್ಲಿ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿದರು. ಕುಂದಗೋಳದಲ್ಲಿ ತೀಡಿದ ನಾಲ್ಕಾರು ಸ್ವರ ಇಲ್ಲಿ ಕೆಲಸಕ್ಕೆ ಬಂದವು.

ಈ ಎರಡನೆಯ ದನಿಗೆ ತಕ್ಕ ತಟ್ಟೆ ಆಮೇಲೆ ಬಂತು. 1948ರಲ್ಲಿ ಅಮೆರಿಕದಲ್ಲಿ ಶುರುವಾದ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಹಾಡಬಹುದು. ಮೂರು ನಿಮಿಷದಲ್ಲಿ ಗಾಂಧಾರಿ ಇಡೀ ರಾಗವನ್ನು ಸುತ್ತಿ ಬಂದುಬಿಡುತ್ತಿದ್ದರೆ, ಎಲ್‌ಪಿಯ ಗಂಗೂಬಾಯಿ ಮೂರು ನಿಮಿಷಕ್ಕೆ ಇನ್ನೂ ಕೆಳಗಿನ ನಿಷಾದದಲ್ಲೇ ಇರುತ್ತಾರೆ. ಷಡ್ಜಕ್ಕೆ ಬರುತ್ತಾರೆ ಅನ್ನುವಷ್ಟರಲ್ಲಿ ಮತ್ತೆ ಹಿಂದೆ ಸರಿಯುತ್ತಾರೆ. ಅವರು ಹಾಡು ಬರೆದವರಲ್ಲ. ಖಯಾಲಿನ ಬಂದಿಶ್ ಎಂಬುದು ಹಿಂದಿನಿಂದ ಬಂದ ನಾಲ್ಕು ಸಾಲು, ಅಷ್ಟೇ. ಉಳಿದ ಇಪ್ಪತ್ತು ನಿಮಿಷವನ್ನು ಹಾಡುವವರು ಅಲ್ಲೇ ಕೂತು ಕಟ್ಟಬೇಕು. ಆ ಅರ್ಥದಲ್ಲಿ ಮಾರ್ವಾ, ಪೂರಿಯಾ, ಚಂದ್ರಕೌಂಸ್ ಅವರು ಕಟ್ಟಿದ ಹಾಡುಗಳೇ. ಅವರು ಹಾಡುತ್ತಿದ್ದ ರಾಗಗಳ ಪಟ್ಟಿ ದೊಡ್ಡದಲ್ಲ, ಅದನ್ನೊಂದು ಕೊರತೆ ಎಂದು ಬರೆದವರೂ ಇದ್ದಾರೆ. ಒಂದೇ ರಾಗದ ಎರಡು ಬೇರೆ ವರ್ಷಗಳ ಮುದ್ರಿಕೆ ಸಿಕ್ಕರೆ ಕೇಳಿ ನೋಡಿ, ಒಂದರಲ್ಲಿ ನಿಂತ ಜಾಗದಲ್ಲಿ ಇನ್ನೊಂದರಲ್ಲಿ ನಿಂತಿರುವುದಿಲ್ಲ.

'ಗಂಡುದನಿ' ಎಂಬ ಮಾತು ಮಾತ್ರ ಅವರ ಬೆನ್ನು ಬಿಡಲಿಲ್ಲ. ಹೊಗಳುವವರೂ ಅದನ್ನೇ ಅಂದರು, ತೆಗಳುವವರೂ ಅದನ್ನೇ ಅಂದರು. ಹೆಂಗಸಿನ ದನಿ ದಪ್ಪವಿದ್ದರೆ ಅದು ಯಾವನೋ ಗಂಡಸಿನಿಂದ ಕಡ ತಂದದ್ದು ಎಂಬಂತೆ! ಅವರ ಪ್ರಸಿದ್ಧ ಮಾತೊಂದಿದೆ: ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದ ಆಗುತ್ತಾನೆ, ಹಿಂದೂ ಆದರೆ ಪಂಡಿತ ಆಗುತ್ತಾನೆ, ಕೇಸರಬಾಯಿ ಮೋಗೂಬಾಯಿಯಂಥ ಹೆಂಗಸರು ಮಾತ್ರ ಕೊನೆಯವರೆಗೂ ಬಾಯಿ ಆಗಿಯೇ ಉಳಿಯುತ್ತಾರೆ ಎಂಬರ್ಥದ್ದು. ನನ್ನ ರೂಮ್‌ಮೇಟ್ ಕೇಳಿದ 'ಯಾವ ಪಂಡಿತರು' ನೆನಪಾದಾಗಲೆಲ್ಲ ಈ ಮಾತೂ ನೆನಪಾಗುತ್ತದೆ.

ಕೊನೆಯ ದಶಕಗಳ ಮುದ್ರಿಕೆಗಳಲ್ಲಿ ಇನ್ನೊಂದು ಸೋಜಿಗವಿದೆ. ಹಿಂದೆ ತಂಬೂರಿ ಹಿಡಿದು ಕೂತು ಸಾಥ್ ಕೊಡುವವರು ಮಗಳು ಕೃಷ್ಣಾ ಹಾನಗಲ್. ಅಮ್ಮ ಕೆಳಗೆ ಸ್ವರ ಹಚ್ಚಿ ನಿಲ್ಲಿಸಿದಾಗ ಅದರ ಮೇಲಿಂದ ಮಗಳ ತೆಳುದನಿ ಏರುತ್ತದೆ. ಮೂವತ್ತರ ದಶಕದಲ್ಲಿ ತಟ್ಟೆಯೊಳಗೆ ಉಳಿದುಹೋದ ಗಾಂಧಾರಿ ಮಗಳ ಕಂಠದಲ್ಲಿ ಪಕ್ಕಕ್ಕೆ ಬಂದು ಕೂತಂತೆ ನನಗೆ ಕೇಳಿಸುತ್ತದೆ. ಕೃಷ್ಣಾ 2004ರಲ್ಲಿ ತೀರಿಕೊಂಡರು. ತಾಯಿ ಅದಾದ ಮೇಲೂ ಹಾಡಿದರು, 2006ರ ತನಕ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲೇ ಅವರ ಉಸಿರು ನಿಂತಿತು, 96 ವರ್ಷ. ಕಣ್ಣುಗಳನ್ನು ದಾನ ಮಾಡಿದ್ದರು.

ಕೇಳಬೇಕು ಅನ್ನುವವರಿಗೆ ಒಂದು ಸಣ್ಣ ಸೂಚನೆ. ಗಾಂಧಾರಿಯಿಂದ ಶುರು ಮಾಡಬೇಡಿ, ಚಟಪಟ ಸದ್ದಿಗೆ ಬೇಸರ ಬಂದೀತು. ಮೊದಲು ಮಾರ್ವಾ ಹಚ್ಚಿ. ಅದು ಸೂರ್ಯ ಮುಳುಗುವ ಹೊತ್ತಿನ ರಾಗ. ಕಾಲೇಜು ಬಿಟ್ಟು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಇನ್ನೂ ಒಳ್ಳೆಯದು. ಉಣಕಲ್ ಕೆರೆ ದಾಟುವಾಗ ಅವರು ಇನ್ನೂ ಮೊದಲ ಸ್ವರಗಳಲ್ಲೇ ಇರುತ್ತಾರೆ, ಗಾಬರಿಯಾಗಬೇಡಿ. ನವನಗರ ದಾಟುವ ಹೊತ್ತಿಗೆ ಮೇಲೆ ಬರುತ್ತಾರೆ.