ಹಳದಿ ದೀಪ ಹೇಳುವುದು ಅರ್ಧ ಮಾತು

ಬಾಗೂರಿನ ತೆಂಗಿನ ತೋಟದವರೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಮನೆಯಿಂದ ಹೊರಟು ಹೊಸದುರ್ಗ ಮುಟ್ಟುವುದರೊಳಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಪುಟ್ಟ ಕಾರಿನ ಚಿತ್ರ, ಅದರ ಕೆಳಗೆ ಹಾವು ಹರಿದಂತೆ ಎರಡು ಡೊಂಕು ಗೆರೆ. ಬ್ರೇಕ್ ಹಿಡಿಯುತ್ತಿದೆ, ಎಂಜಿನ್ನಿನ ಸದ್ದು ಸರಿಯಾಗಿದೆ. ‘ದೀಪ ತಾನೇ, ಉರಿದುಕೊಂಡಿರಲಿ ಬಿಡು’ ಎಂದು ಅವರು ಹೊಳಲ್ಕೆರೆ ದಾರಿ ಹಿಡಿದು ಚಿತ್ರದುರ್ಗಕ್ಕೆ ಹೊರಟೇ ಬಿಡುತ್ತಾರೆ. ನಮ್ಮಲ್ಲಿ ಬಹುಮಂದಿ ಮಾಡುವುದೂ ಇದನ್ನೇ.

ಆ ದೀಪ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಇ.ಎಸ್.ಸಿ. ವ್ಯವಸ್ಥೆಯದು. ಓಡುವಾಗ ಅದು ಮಿಣಮಿಣ ಮಿನುಗಿದರೆ ಚಿಂತೆಯಿಲ್ಲ, ಜಾರುತ್ತಿರುವ ಕಾರನ್ನು ಅದು ಹಿಡಿದು ನಿಲ್ಲಿಸುತ್ತಿದೆ ಎಂದರ್ಥ. ಒಂದೇ ಸಮನೆ ಉರಿಯುತ್ತಿದ್ದರೆ ಮಾತ್ರ ವ್ಯವಸ್ಥೆ ಕೆಲಸ ನಿಲ್ಲಿಸಿ ಕುಳಿತಿದೆ. ಮಾಮೂಲಿ ಬ್ರೇಕ್ ಸಾಮಾನ್ಯವಾಗಿ ಎಂದಿನಂತೆಯೇ ಇರುತ್ತದೆ. ಆದರೆ ಮಳೆ ಬಿದ್ದ ಹೆದ್ದಾರಿಯಲ್ಲಿ, ಹಿಂದೀಪವಿಲ್ಲದ ಟ್ರ್ಯಾಕ್ಟರ್ ತಪ್ಪಿಸಲು ತಟ್ಟನೆ ಸ್ಟಿಯರಿಂಗ್ ಎಳೆದ ಗಳಿಗೆಯಲ್ಲಿ ನೆರವಿಗೆ ಬರಬೇಕಾದವನು ಅಲ್ಲಿರುವುದಿಲ್ಲ.

ಈ ನೆರವುಗಾರ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. 1989ರಲ್ಲಿ ಮರ್ಸಿಡಿಸ್ ಎಂಜಿನಿಯರ್ ಫ್ರಾಂಕ್ ವರ್ನರ್ ಮೋನ್ ಅವರ ಕಾರು ಸ್ವೀಡನ್ನಿನ ಹಿಮದ ರಸ್ತೆಯಲ್ಲಿ ಜಾರಿ ಪಕ್ಕಕ್ಕಿಳಿಯಿತು. ಕಾರು ಜಾರುವುದನ್ನು ಕಾರೇ ಅರಿತು ಬ್ರೇಕ್ ಹಾಕಿಕೊಂಡರೆ ಹೇಗೆ ಎಂಬ ಯೋಚನೆ ಅವರಿಗೆ ಬಂತು. ಆರಂಭದ ಪ್ರಯೋಗಕ್ಕೆ ಆಟಿಕೆ ಹೆಲಿಕಾಪ್ಟರಿನ ಗೈರೊಸ್ಕೋಪನ್ನೇ ಬಳಸಿದರಂತೆ! ನಮ್ಮ ಬೆಂಗಳೂರಿನವರಿಗೆ ‘ಮಿಕೊ’ ಮೂಲಕ ಪರಿಚಿತವಾದ ಬಾಷ್ ಕಂಪನಿಯೊಡನೆ ಸೇರಿ 1995ರಲ್ಲಿ ಅದನ್ನು ಮಾರಾಟದ ಕಾರಿಗೆ ಅಳವಡಿಸಲಾಯಿತು. 1997ರ ಅಕ್ಟೋಬರಿನಲ್ಲಿ ಮರ್ಸಿಡಿಸ್‌ನ ಪುಟ್ಟ ‘ಎ ಕ್ಲಾಸ್’ ಕಾರು ಸ್ವೀಡನ್ನಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಮಗುಚಿಕೊಂಡಿತು. ಆ ಮೇಲೆ ಕಂಪನಿ ಆ ಎಲ್ಲ ಕಾರುಗಳಿಗೂ ಇದನ್ನು ಕೂರಿಸಬೇಕಾಯಿತು. ನಮ್ಮಲ್ಲಿ 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ನಕ್ಷತ್ರ ಅಥವಾ ಮೇಲೆ ಪಡೆಯಬೇಕಾದರೆ ಇ.ಎಸ್.ಸಿ. ಇರಲೇಬೇಕು.

ಸಾಕ್ಷಿಗಳ ಪಾಟೀಸವಾಲು

ಈ ವ್ಯವಸ್ಥೆಗೆ ಕಣ್ಣು ಕಿವಿಯಾಗಿರುವವು ಸೆನ್ಸರ್‌ಗಳು. ನಾಲ್ಕು ಚಕ್ರಗಳ ವೇಗಕ್ಕೆ ನಾಲ್ಕು. ನೀವು ಸ್ಟಿಯರಿಂಗ್ ಎಷ್ಟು ತಿರುಗಿಸಿದಿರಿ ಎನ್ನಲು ಒಂದು. ಕಾರು ನಿಜವಾಗಿ ಎಷ್ಟು ಬೇಗ ಮುಖ ತಿರುಗಿಸುತ್ತಿದೆ, ಪಕ್ಕಕ್ಕೆ ಎಷ್ಟು ತಳ್ಳಿಸಿಕೊಳ್ಳುತ್ತಿದೆ ಎನ್ನಲು ಇನ್ನೆರಡು. ಬ್ರೇಕ್ ಎಣ್ಣೆಯ ಒತ್ತಡಕ್ಕೆ ಮತ್ತೊಂದು. ನೀವು ಹೋಗಬಯಸಿದ ದಿಕ್ಕಿಗೂ ಕಾರು ಹೋಗುತ್ತಿರುವ ದಿಕ್ಕಿಗೂ ತಾಳೆಯಾಗದಿದ್ದರೆ ಕಂಪ್ಯೂಟರ್ ಯಾವುದೋ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಕಾರನ್ನು ದಾರಿಗೆಳೆಯುತ್ತದೆ.

ಈ ಸಾಕ್ಷಿಗಳಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆಂದು ಕಂಪ್ಯೂಟರ್ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ಹೋಲಿಸಿ ಪತ್ತೆ ಮಾಡುತ್ತದೆ. ನೂರು ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು ಒಂಬತ್ತೂವರೆ ಡಿಗ್ರಿ ತಿರುಗಬೇಕು. ಪಕ್ಕದ ತಳ್ಳಾಟ ಗುರುತ್ವದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ಹೊರಬದಿಯ ಚಕ್ರಗಳು ಒಳಬದಿಯವಕ್ಕಿಂತ ತುಸು ಬೇಗ ಸುತ್ತಬೇಕು. ಮೂರೂ ಒಂದಕ್ಕೊಂದು ಒಪ್ಪುತ್ತಿರುವಾಗ ಸ್ಟಿಯರಿಂಗ್ ಸೆನ್ಸರ್ ಮಾತ್ರ ‘ಕಾರು ನೇರ ಹೋಗುತ್ತಿದೆ’ ಎಂದರೆ ಅನುಮಾನ ಅದರ ಮೇಲೆಯೇ. ಆಗ ಒಂದು ಕೋಡ್ ದಾಖಲಾಗಿ ದೀಪ ಹೊತ್ತುತ್ತದೆ.

ಮೋಸ ಹೋಗುವುದು ಇಲ್ಲಿಯೇ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿದರೆ ‘ಸಿ 0035, ಮುಂದಿನ ಎಡ ಚಕ್ರ’ ಎಂದು ಬರುತ್ತದೆ. ‘ಸೆನ್ಸರ್ ಹೋಗಿದೆ ಸಾರ್, ಬದಲಾಯಿಸಬೇಕು’ ಎಂಬ ತೀರ್ಪೂ ಬರುತ್ತದೆ. ಸಾವಿರಾರು ರೂಪಾಯಿ ಖರ್ಚಾಗಿ ಎರಡು ದಿನಕ್ಕೆ ದೀಪ ಮತ್ತೆ ಹಾಜರ್. ಏಕೆಂದರೆ ದೂರು ಎಲ್ಲಿಂದ ಬಂತೆಂದು ಕೋಡ್ ಹೇಳುತ್ತದೆಯೇ ಹೊರತು ತಪ್ಪಿತಸ್ಥ ಯಾರೆಂದು ಹೇಳುವುದಿಲ್ಲ. ತಪ್ಪಿತಸ್ಥ ಇಲಿ ಕಡಿದ ವೈರ್ ಇರಬಹುದು, ಪಾಚಿಗಟ್ಟಿದ ಕನೆಕ್ಟರ್ ಇರಬಹುದು, ಸವೆದು ಅಲ್ಲಾಡುವ ಬೇರಿಂಗ್ ಇರಬಹುದು. ತೋಟದ ಮನೆಯ ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲುವ ಕಾರಾದರೆ ನಾನು ಮೊದಲು ಹುಡುಕುವುದು ಇಲಿಯನ್ನೇ.

ಬೇರಿಂಗಿನದು ಇನ್ನೂ ವಿಚಿತ್ರ. ಈಚಿನ ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಮುಖದಲ್ಲಿ ಮಾತ್ರ ಆಯಸ್ಕಾಂತದ ಪಟ್ಟಿಯಿರುತ್ತದೆ. ಚಕ್ರ ಸುತ್ತುವುದನ್ನು ಸೆನ್ಸರ್ ಓದುವುದು ಅದರಿಂದ. ಹೊಸ ಬೇರಿಂಗನ್ನು ತಿರುವುಮುರುವಾಗಿ ಕೂರಿಸಿದರೆ ಚಕ್ರ ನುಣ್ಣಗೆ ಸುತ್ತುತ್ತದೆ, ಸೆನ್ಸರ್‌ಗೆ ಮಾತ್ರ ಅದು ನಿಂತಂತೆಯೇ ಕಾಣುತ್ತದೆ. ಬ್ರೇಕ್ ಡಿಸ್ಕ್ ಸವೆದ ಕಬ್ಬಿಣದ ಪುಡಿ ಆ ಪಟ್ಟಿಗೆ ಅಂಟಿಕೊಂಡರೂ ತೊಂದರೆಯೇ. ನಮ್ಮ ಸೀಮೆಯ ಕೆಂಪು ದೂಳನ್ನು ಎಲ್ಲರೂ ಬೈಯುತ್ತಾರೆ. ಆದರೆ ಆ ಕೆಂಪು ಬಹುಪಾಲು ಹೆಮಟೈಟ್, ಆಯಸ್ಕಾಂತಕ್ಕೆ ಅಷ್ಟಾಗಿ ಅಂಟುವ ವಸ್ತುವಲ್ಲ.

ಬಲ್ಲ ಮೆಕ್ಯಾನಿಕ್ ಏನು ಮಾಡುತ್ತಾನೆ? ಸ್ಪೇನರ್ ಹಿಡಿಯುವ ಮೊದಲು ಸ್ಕ್ಯಾನರ್ ಹಿಡಿದು ಪಕ್ಕದ ಸೀಟಿನಲ್ಲಿ ಕೂರುತ್ತಾನೆ. ಕಾರನ್ನು ಇನ್ನೊಬ್ಬರು ನೇರ ರಸ್ತೆಯಲ್ಲಿ ನಿಧಾನವಾಗಿ ಓಡಿಸುತ್ತಾರೆ. ಪರದೆಯ ಮೇಲೆ ನಾಲ್ಕು ಚಕ್ರದ ವೇಗವೂ ಒಂದೇ ಅಂಕಿ ತೋರಿಸಬೇಕು. ಒಂದು ಆಗಾಗ ಸೊನ್ನೆಗೆ ಬೀಳುತ್ತಿದ್ದರೆ ವೈರನ್ನೋ ಬೇರಿಂಗನ್ನೋ ನೋಡಬೇಕು. ಒಂದು ಸದಾಕಾಲ ತುಸು ಹೆಚ್ಚು ತೋರಿಸಿದರೆ ಆ ಚಕ್ರದ ಟೈರ್ ಸವೆದಿದೆ, ಇಲ್ಲವೇ ಅಳತೆಯೇ ಬೇರೆ. ಅನುಮಾನ ಉಳಿದರೆ, ಆಕಾರ ಒಂದೇ ಇರುವ ಕಡೆ, ಎಡದ ಸೆನ್ಸರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡುತ್ತಾನೆ. ದೂರು ಸೆನ್ಸರಿನೊಡನೆ ಬಲಕ್ಕೆ ಹೋದರೆ ಸೆನ್ಸರ್ ಕೆಟ್ಟಿದೆ. ಎಡದಲ್ಲೇ ಉಳಿದರೆ ಹೊಸದನ್ನು ಕೊಳ್ಳುವ ಹಣ ಉಳಿಯಿತು.

ಮಲ್ಟಿಮೀಟರಿನಲ್ಲಿ ಓಮ್ ನೋಡುವ ಹಳೆಯ ಪದ್ಧತಿ ತಾಮ್ರದ ಸುರುಳಿಯಿರುವ ಹಳೆಯ ಸೆನ್ಸರಿಗೆ ಸರಿ. ಹೊಸ ಬಗೆಯವು ಸಾಮಾನ್ಯವಾಗಿ 7 ಮತ್ತು 14 ಮಿಲಿಆಂಪಿಯರ್ ಎಂಬ ಎರಡು ಮಟ್ಟದ ವಿದ್ಯುತ್ತಿನಲ್ಲಿ ಮಾತಾಡುತ್ತವೆ. ಅವುಗಳ ಓಮ್ ಅಳೆದು ಏನೂ ತಿಳಿಯುವುದಿಲ್ಲ, ಕೆಲವೊಮ್ಮೆ ಒಳಗಿನ ಚಿಪ್ ಕೆಡುವುದೂ ಉಂಟು.

ವೀಲ್ ಅಲೈನ್‌ಮೆಂಟ್ ಮಾಡಿಸಿದ ಮರುದಿನವೇ ದೀಪ ಹೊತ್ತಿದರೆ ಯಾವ ಭಾಗವೂ ಕೆಟ್ಟಿರದೆ ಇರುವ ಸಾಧ್ಯತೆಯೇ ಹೆಚ್ಚು. ಚಕ್ರಗಳ ‘ನೇರ’ ಬದಲಾಗಿದೆ, ಸ್ಟಿಯರಿಂಗ್ ಸೆನ್ಸರಿನ ‘ನೇರ’ ಹಳೆಯದೇ ಇದೆ. ಸ್ಕ್ಯಾನರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಕು, ಕೆಲವೇ ನಿಮಿಷದ ಕೆಲಸ. ರಿಪೇರಿಯಾದ ಮೇಲೂ ದೀಪ ಕೂಡಲೇ ಆರದಿದ್ದರೆ ಗಾಬರಿ ಬೇಡ. ಕೆಲವು ಕಾರುಗಳು ಸ್ವಲ್ಪ ದೂರ ಓಡಿ, ಚಕ್ರಗಳೆಲ್ಲ ಸರಿಯಾಗಿ ಮಾತಾಡುತ್ತಿವೆಯೆಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಅದನ್ನು ಆರಿಸುತ್ತವೆ.