ತೂಕ, ಹಸಿವು ಮತ್ತು ಬೇಳೆಕಾಳಿನ ಪಾಲು

ಮೈತೂಕ ಇಳಿಸಲು ಹೊರಟವರು ಸಾಮಾನ್ಯವಾಗಿ ಮೊದಲು ರಾತ್ರಿಯೂಟವನ್ನು, ಅನಂತರ ಎಣ್ಣೆ ತುಪ್ಪವನ್ನು ಕೈಬಿಡುತ್ತಾರೆಯೇ ಹೊರತು, ಉಳಿದ ಊಟದಲ್ಲಿ ಸಸಾರಜನಕದ, ಅಂದರೆ ಪ್ರೋಟೀನಿನ, ಪಾಲು ಎಷ್ಟಿದೆಯೆಂದು ಲೆಕ್ಕ ಹಾಕುವುದು ಅಪರೂಪ. ಹಸಿವನ್ನು ಹತೋಟಿಯಲ್ಲಿಡುವುದಕ್ಕೂ, ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗಿಹೋಗದಂತೆ ಕಾಯುವುದಕ್ಕೂ ಈ ಪಾಲು ಬಹಳ ಮುಖ್ಯವಾದುದು.

ಪ್ರೋಟೀನು 20 ಬಗೆಯ ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳಿಂದ ಆದದ್ದು; ಇವುಗಳಲ್ಲಿ 9ನ್ನು ದೇಹ ತಾನೇ ತಯಾರಿಸಿಕೊಳ್ಳಲಾರದ ಕಾರಣ ಅವು ಆಹಾರದಿಂದಲೇ ಬರಬೇಕು. ಹೆಚ್ಚಾದ ಶಕ್ತಿಯನ್ನು ಕೊಬ್ಬಿನ ರೂಪದಲ್ಲಿ ಕೂಡಿಡುವ ದೇಹಕ್ಕೆ ಪ್ರೋಟೀನನ್ನು ಹಾಗೆ ಪ್ರತ್ಯೇಕವಾಗಿ ಕೂಡಿಡುವ ವ್ಯವಸ್ಥೆಯಿಲ್ಲ. ಆದ್ದರಿಂದ ಊಟದಲ್ಲಿ ಅದು ಸಾಲದಾದಾಗ ದೇಹವು ತನ್ನ ಸ್ನಾಯುಗಳನ್ನೇ ಒಡೆದು ಕೊರತೆಯನ್ನು ತುಂಬಿಕೊಳ್ಳುತ್ತದೆ. ಒಂದು ಗ್ರಾಂ ಪ್ರೋಟೀನು ಪಿಷ್ಟದಷ್ಟೇ, ಎಂದರೆ ಸುಮಾರು 4 ಕಿಲೋಕ್ಯಾಲರಿ ಶಕ್ತಿಯನ್ನು ಕೊಟ್ಟರೂ, ಅದನ್ನು ಜೀರ್ಣಿಸಿ ಬಳಸಿಕೊಳ್ಳುವ ಕೆಲಸಕ್ಕೇ ಆ ಶಕ್ತಿಯ ಶೇ. 20ರಿಂದ 30ರಷ್ಟು ವ್ಯಯವಾಗುತ್ತದೆ. ಪಿಷ್ಟಕ್ಕೆ ಈ ವೆಚ್ಚ ಶೇ. 5ರಿಂದ 10, ಕೊಬ್ಬಿಗೆ ಇನ್ನೂ ಕಡಿಮೆ. ಇದಕ್ಕಿಂತ ಮಹತ್ವದ್ದು ತೃಪ್ತಿಯ ವಿಚಾರ. ಪ್ರೋಟೀನು ಕರುಳನ್ನು ತಲುಪಿದಾಗ ಜಿಎಲ್‌ಪಿ-1 ಮೊದಲಾದ ಹಾರ್ಮೋನುಗಳು ಸ್ರವಿಸಿ, ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಮಿದುಳಿಗೆ ಮುಟ್ಟಿಸುತ್ತವೆ; ಈಚೆಗೆ ಬಳಕೆಗೆ ಬಂದಿರುವ ತೂಕ ಇಳಿಸುವ ಚುಚ್ಚುಮದ್ದುಗಳು ಅನುಕರಿಸುವುದು ಈ ಜಿಎಲ್‌ಪಿ-1 ಹಾರ್ಮೋನನ್ನೇ.

ಸ್ಟೀಫನ್ ಸಿಂಪ್ಸನ್ ಮತ್ತು ಡೇವಿಡ್ ರಾಬೆನ್‌ಹೈಮರ್ ಎಂಬ ವಿಜ್ಞಾನಿಗಳು ಮಿಡತೆಗಳ ಆಹಾರಕ್ರಮವನ್ನು ವರ್ಷಗಳ ಕಾಲ ಅಭ್ಯಸಿಸಿ, 2005ರಲ್ಲಿ ಮನುಷ್ಯರ ಬೊಜ್ಜಿನ ಬಗ್ಗೆ ಒಂದು ಊಹೆಯನ್ನು ಮುಂದಿಟ್ಟರು. ದೇಹವು ತನಗೆ ಬೇಕಾದ ಪ್ರೋಟೀನು ಸಿಗುವವರೆಗೆ ಹಸಿವನ್ನು ಸುಲಭವಾಗಿ ಅಡಗಗೊಡದು. ಊಟದಲ್ಲಿ ಅದರ ಪ್ರಮಾಣ ತೆಳುವಾದಷ್ಟೂ, ಆ ಮೊತ್ತವನ್ನು ಮುಟ್ಟಲು ಹೆಚ್ಚು ಪಿಷ್ಟವನ್ನೂ ಕೊಬ್ಬನ್ನೂ ತಿನ್ನಬೇಕಾಗುತ್ತದೆ ಎಂಬುದು ಅದರ ಸಾರ. ಬೊಜ್ಜಿಗೆ ಇದೊಂದೇ ಕಾರಣವಲ್ಲ. ಆದರೆ ಮಧ್ಯಾಹ್ನ ಹೊಟ್ಟೆತುಂಬ ಅನ್ನ ಉಂಡವರು ಸಂಜೆ ನಾಲ್ಕಕ್ಕೇ ಬಿಸ್ಕತ್ತು, ಚುರುಮುರಿಗೆ ಕೈಚಾಚುವುದನ್ನು ಅರ್ಥಮಾಡಿಕೊಳ್ಳಲು ಈ ಊಹೆ ಖಂಡಿತ ನೆರವಾಗುತ್ತದೆ.

ಕರ್ನಾಟಕದ ಊಟದಲ್ಲಿ ತೊಡಕಿರುವುದು ಪದಾರ್ಥಗಳಲ್ಲಿ ಅಲ್ಲ, ಅವುಗಳ ಅಳತೆಯಲ್ಲಿ. ಮುದ್ದೆಗೆ ಹುರುಳಿಕಾಳಿನ ಬಸ್ಸಾರು, ಜೋಳದ ರೊಟ್ಟಿಗೆ ಮಡಕೆಕಾಳಿನ ಪಲ್ಯ ಹಾಗೂ ಶೇಂಗಾ ಚಟ್ನಿ ಎಂಬ ಜೋಡಣೆ ಪೋಷಣಶಾಸ್ತ್ರ ಒಪ್ಪುವಂಥದ್ದು. ಏಕೆಂದರೆ ಧಾನ್ಯಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳುಗಳಲ್ಲಿ ಧಾರಾಳವಾಗಿದ್ದು, ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯದಿಂದ ಒದಗುತ್ತದೆ. ಆದರೆ ಇಂದು ಅನೇಕ ಮನೆಗಳಲ್ಲಿ ಅನ್ನದ ರಾಶಿಯ ಮೇಲೆ ಬೀಳುವುದು ಬೇಳೆಯ ತಳವನ್ನು ಬಿಟ್ಟು ಬಗ್ಗಿಸಿದ ತಿಳಿಸಾರು ಮಾತ್ರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಆರೋಗ್ಯವಂತ ವಯಸ್ಕರಿಗೆ ಪ್ರತಿ ಕಿಲೋ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನನ್ನು ಶಿಫಾರಸು ಮಾಡಿದೆ. 60 ಕಿಲೋ ತೂಗುವವರಿಗೆ ಇದು ಸುಮಾರು 50 ಗ್ರಾಂ. ದಿನಕ್ಕೆ ಕಾಲು ಕಿಲೋ ಅಕ್ಕಿ ರಾಗಿಗಳಿಂದ 18 ಗ್ರಾಂನಷ್ಟು, 60 ಗ್ರಾಂ ಬೇಳೆಕಾಳುಗಳಿಂದ 13, ಕಾಲು ಲೀಟರ್ ಹಾಲು ಮೊಸರಿನಿಂದ 8, ಒಂದು ಹಿಡಿ ಕಡಲೆಕಾಯಿ ಬೀಜದಿಂದ 7 ಗ್ರಾಂ ದೊರೆತರೆ ಮೊತ್ತ ಹೆಚ್ಚು ಕಡಿಮೆ ಅಲ್ಲಿಗೆ ಬರುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದೊಂದು ಮೊಟ್ಟೆಯಿಂದ ಇನ್ನೂ 6 ಗ್ರಾಂ.

ಆದರೆ ಇರುವ ಊಟದ ಮೇಲೆ ಪ್ರೋಟೀನನ್ನು ಸೇರಿಸುತ್ತ ಹೋದರೆ ತೂಕ ಇಳಿಯದು, ಏರುತ್ತದೆ. ಒಂದು ಹಿಡಿ ಕಾಳು ಹೆಚ್ಚಾದರೆ ಒಂದು ಸೌಟು ಅನ್ನ ಕಡಿಮೆಯಾಗಬೇಕು, ಜೊತೆಗೆ ಸ್ನಾಯುಗಳಿಗೆ ದುಡಿಮೆಯೂ ಬೇಕು. ಡಬ್ಬಿಯ ಪ್ರೋಟೀನ್ ಪುಡಿಗಳನ್ನು ಸ್ನಾಯು ಬೆಳೆಸಲೆಂದು ಬಳಸಬಾರದೆಂದು ಇದೇ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಅವುಗಳ ಬೆಲೆಯನ್ನು ನೋಡಿದರೂ ಹುರುಳಿ, ಹೆಸರು, ಅವರೆಗಳೇ ಸಾಮಾನ್ಯ ಸಂಸಾರಕ್ಕೆ ಸರಿಯಾದ ಆಯ್ಕೆ.

ವಯಸ್ಸಾದವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ವಯಸ್ಸಿನೊಂದಿಗೆ ಸ್ನಾಯು ತಾನಾಗಿಯೇ ಸವೆಯುತ್ತಿರುವಾಗ, ತೂಕದ ಭಯದಿಂದ ರಾತ್ರಿ ಬರೀ ಗಂಜಿ ಕುಡಿದು ಮಲಗುವ ಹಿರಿಯರು ಕಳೆದುಕೊಳ್ಳುವುದು ಕೊಬ್ಬನ್ನಷ್ಟೇ ಅಲ್ಲ, ಎದ್ದು ನಡೆಯುವ ಬಲವನ್ನೂ. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕು. ಉಳಿದ ಹಿರಿಯರ ಗಂಜಿಗೆ ಹೆಸರುಬೇಳೆಯನ್ನು ಸೇರಿಸಿಯೇ ಬೇಯಿಸಿ.